ಪರದೆಯ ಆಕಾಶ, ಬಾಗಿಲಾಚೆಯ ಆಕಾಶ

2019ರ ಡಿಸೆಂಬರ್ 26. ಕ್ರಿಸ್ತಜಯಂತಿಯ ಮರುದಿನ, ಸಂತ ಸ್ತೇಫನರ ಹಬ್ಬ. ದೂರದೂರುಗಳಿಂದ ಬಂದ ಮಕ್ಕಳು ಮೊಮ್ಮಕ್ಕಳಿಂದ ನಮ್ಮ ಮನೆಗಳು ತುಂಬಿದ್ದವು. ಅಂದು ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಆರಂಭವಾದ ಸೂರ್ಯಗ್ರಹಣ ಹನ್ನೊಂದರ ತನಕ ನಡೆಯಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಂತಹ ಸ್ಥಳಗಳಲ್ಲಿ ಅದು ಕಂಕಣ ಗ್ರಹಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಪಾರ್ಶ್ವಗ್ರಹಣ. ಪಾರ್ಶ್ವವೆಂದರೂ ಒಂಬತ್ತೂವರೆಯ ವೇಳೆಗೆ ಸೂರ್ಯಬಿಂಬದ ಬಹುಪಾಲು ಮರೆಯಾಗಿತ್ತು. ಬೀದಿಗಳಲ್ಲಿ ಜನಸಂಚಾರ ವಿರಳವಾಗಿತ್ತು. ಕಿಟಕಿ ಬಾಗಿಲು ಮುಚ್ಚಿದ ಎಷ್ಟೋ ಮನೆಗಳೊಳಗೆ ಮಕ್ಕಳು ಟಿ.ವಿ. ಮುಂದೆ ಕುಳಿತು ಅದೇ ಗ್ರಹಣವನ್ನು ಪರದೆಯ ಮೇಲೆ ವೀಕ್ಷಿಸುತ್ತಿದ್ದರು. ಅವುಗಳಲ್ಲಿ ಕ್ರೈಸ್ತ ಮನೆಗಳೂ ಇದ್ದವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಹೊರಗೆ, ಬಿಸಿಲು ಬಿದ್ದ ಕಡೆಗಳಲ್ಲಿ, ಹೊಂಗೆಯ ಎಲೆಗಳ ಸಂದಿನಿಂದ ಇಳಿದ ಬೆಳಕು ನೆಲದ ಮೇಲೆ ನೂರಾರು ಪುಟ್ಟ ಕುಡುಗೋಲುಗಳ ಆಕಾರ ಮೂಡಿಸುತ್ತದೆ. ಅದನ್ನು ನೋಡಲು ಯಾವ ಉಪಕರಣವೂ ಬೇಕಿರಲಿಲ್ಲ, ಕಣ್ಣಿಗೆ ಅಪಾಯವೂ ಇರಲಿಲ್ಲ. ಬಾಗಿಲು ತೆರೆದು ಅಂಗಳಕ್ಕೆ ಬಂದಿದ್ದರೆ ಸಾಕಿತ್ತು.

ಆ ದಿನದ ನೆನಪು ಇಂದು ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವ ಬದಲಾವಣೆಯೊಂದನ್ನು ಕುರಿತು ಚಿಂತಿಸುವಂತೆ ಮಾಡಿದೆ. ಭೌತವಿಜ್ಞಾನ ಮತ್ತು ಖಗೋಳ ವಿಜ್ಞಾನಗಳ ಬೋಧನೆಯಲ್ಲಿ ನಾಲ್ಕೈದು ನಿಮಿಷಗಳ ವಿಡಿಯೋಗಳು ಈಗ ಸಾಮಾನ್ಯವಾಗಿವೆ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಸರ್ಕಾರವು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನ ಪಾಠಗಳನ್ನು ಪ್ರಸಾರಮಾಡಿತು. ಅಂದಿನಿಂದ ಪರದೆಯ ಪಾಠ ಹಳ್ಳಿಯ ಮಕ್ಕಳಿಗೂ ಹೊಸದಲ್ಲ. ಸ್ಮಾರ್ಟ್ ಕ್ಲಾಸ್ ಇರುವ ಶಾಲೆಯಲ್ಲಿ ಗೋಡೆಯ ಮೇಲೆ, ಇಲ್ಲದಿದ್ದಲ್ಲಿ ಶಿಕ್ಷಕರ ಮೊಬೈಲಿನಲ್ಲಿ ಗ್ರಹಗಳು ಸುತ್ತುತ್ತಿವೆ, ವಿದ್ಯುತ್ತು ಹರಿಯುತ್ತಿದೆ. ಇದನ್ನು ನಾವು ತುಂಬುಹೃದಯದಿಂದ ಸ್ವಾಗತಿಸುತ್ತೇವೆ. ಆದರೆ ಸ್ವಾಗತದ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ: ಈ ವಿಡಿಯೋ ನಮ್ಮ ಮಕ್ಕಳಿಗೆ ಬಾಗಿಲು ತೆರೆಯುತ್ತಿದೆಯೇ, ಇಲ್ಲವೇ ಗ್ರಹಣದ ದಿನದ ಟಿ.ವಿ.ಯಂತೆ ಮುಚ್ಚಿದ ಬಾಗಿಲಿನ ಹಿಂದೆ ಅವರನ್ನು ಕೂರಿಸುತ್ತಿದೆಯೇ?

ಈ ಪ್ರಶ್ನೆ ಸಣ್ಣದಲ್ಲ. ಎಸ್.ಎಸ್.ಎಲ್.ಸಿ. ಹೊಸ್ತಿಲಲ್ಲಿ ನಿಂತ ಎಷ್ಟೋ ಮಕ್ಕಳು ‘ಭೌತವಿಜ್ಞಾನ ನನಗೆ ಹತ್ತುವುದಿಲ್ಲ’ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ವಿಜ್ಞಾನದಿಂದ ಶಾಶ್ವತವಾಗಿ ದೂರವಾಗುತ್ತಾರೆ. ಆಸಕ್ತಿಯಿಂದ ಬೇರೆ ವಿಷಯವನ್ನು ಆರಿಸಿಕೊಂಡರೆ ಸಂತೋಷವೇ. ಆದರೆ ಹೆದರಿಕೆಯಿಂದ ಆರಿಸಿಕೊಳ್ಳುವುದು ಬೇರೆ ಮಾತು. ಮನೆಯಲ್ಲಿ ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮಗುವಿಗೆ ಪಾಠ ಹೇಳಿಕೊಡುವವರು ಮನೆಯೊಳಗಿಲ್ಲ. ಅಂತಹ ಮಗುವಿಗೆ ಈ ವಿಡಿಯೋ ವರವಾಗಬಹುದು, ಅರ್ಥವಾಯಿತೆಂಬ ಭ್ರಮೆಯೂ ಆಗಬಹುದು.

ಚಿತ್ರ ತೋರಿಸಿ ವಿಜ್ಞಾನ ಕಲಿಸುವ ಕ್ರಮ ನಾವು ತಿಳಿದಷ್ಟು ಹೊಸದೇನೂ ಅಲ್ಲ. 1865ರಲ್ಲಿ ಬೆಲ್ಜಿಯಂನಿಂದ ಕೊಲ್ಕತ್ತೆಗೆ ಬಂದ ಯೇಸುಸಭೆಯ ಗುರು ಯೂಜೀನ್ ಲಫೋಂ ಅವರು ಅಲ್ಲಿನ ಸಂತ ಝೇವಿಯರ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿದರು. ಗಾಜಿನ ಮೇಲಿನ ಚಿತ್ರಗಳನ್ನು ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಮೂಡಿಸುವ ಮಾಯಾದೀಪವನ್ನು ಬಳಸಿ, ಪ್ರಯೋಗಗಳನ್ನು ಜನರ ಕಣ್ಣೆದುರಿಗೇ ಮಾಡಿ ತೋರಿಸಿ ಅವರು ನೀಡುತ್ತಿದ್ದ ಉಪನ್ಯಾಸಗಳು ಹೆಸರುವಾಸಿಯಾಗಿದ್ದವು. ಜಗದೀಶಚಂದ್ರ ಬೋಸರು ಅವರ ಶಿಷ್ಯರು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು ವಿಜ್ಞಾನ ಕೃಷಿಗಾಗಿ ಭಾರತೀಯರದೇ ಆದ ಸಂಸ್ಥೆಯನ್ನು ಕೊಲ್ಕತ್ತೆಯಲ್ಲಿ ಸ್ಥಾಪಿಸಿದಾಗ ಅವರಿಗೆ ಹೆಗಲು ಕೊಟ್ಟವರು ಇದೇ ಲಫೋಂ ಸ್ವಾಮಿಗಳು. ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿಯೇ 1928ರಲ್ಲಿ ಸಿ.ವಿ. ರಾಮನ್ ಅವರು ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. ಮಾಯಾದೀಪದ ಮುಂದೆ ಕುಳಿತವರೆಲ್ಲರೂ ವಿಜ್ಞಾನಿಗಳಾಗಲಿಲ್ಲ. ಆದರೆ ಆ ದೀಪದ ಪಕ್ಕದಲ್ಲಿ ಪ್ರಯೋಗದ ಮೇಜೂ ಇತ್ತು, ಕೇಳಿದ್ದಕ್ಕೆ ಉತ್ತರಿಸುವ ಗುರುವೂ ಇದ್ದರು ಎಂಬುದನ್ನು ಗಮನಿಸಬೇಕು.

ನಮ್ಮ ರಾಜ್ಯಕ್ಕೂ ಈ ಅನುಭವ ಹಳೆಯದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ಅಮೆರಿಕೆಯ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲಪಿದವು. ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಶಾಲಾಮಕ್ಕಳಿಗೆ ವಿಜ್ಞಾನದ ಕಾರ್ಯಕ್ರಮಗಳಿದ್ದವು. ಶಿಕ್ಷಕರಿಗೂ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ನೆರೆಯ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಆಕಾಶಮಾರ್ಗದಿಂದ ಪಾಠಗಳು ಬಂದವು. ಆ ಉಪಗ್ರಹಗಳ ಕಾಲ ಮುಗಿಯಿತು. ಅಂದು ಇಡೀ ದೇಶ ಶ್ರಮಿಸಿ ಹಳ್ಳಿಗೆ ತಲಪಿಸಿದ್ದನ್ನು ಇಂದು ಒಂದು ಮೊಬೈಲು ಕ್ಷಣಮಾತ್ರದಲ್ಲಿ ತಲಪಿಸುತ್ತದೆ. ಉಪಕರಣ ಬದಲಾದರೂ ಬದಲಾಗದೆ ಉಳಿದಿರುವುದು ಒಂದೇ: ಪರದೆ ಆರಿದ ಮೇಲೆ ಮಗು ಏನು ಮಾಡುತ್ತದೆ ಎಂಬ ಪ್ರಶ್ನೆ.

ಒಳ್ಳೆಯ ವಿಡಿಯೋದ ಶಕ್ತಿಗೆ ಒಂದು ಉದಾಹರಣೆ ಕೊಡುತ್ತೇವೆ. 1971ರ ಆಗಸ್ಟ್ 2ರಂದು ಅಪೊಲೊ-15 ಯಾನದ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆಯನ್ನೂ ಇನ್ನೊಂದು ಕೈಯಲ್ಲಿ ಗಿಡುಗದ ಗರಿಯನ್ನೂ ಹಿಡಿದು ಏಕಕಾಲಕ್ಕೆ ಬಿಟ್ಟರು. ಗಾಳಿಯಿಲ್ಲದ ಆ ಲೋಕದಲ್ಲಿ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಒಂದು ನಿಮಿಷವೂ ಇಲ್ಲದ ಈ ದೃಶ್ಯವನ್ನು ಯಾವ ಶಾಲೆಯ ಪ್ರಯೋಗಶಾಲೆಯೂ ತೋರಿಸಲಾರದು. ಕಪ್ಪುಹಲಗೆಯ ಮೇಲೆ ಹತ್ತು ಬಾರಿ ಬರೆದರೂ ಮನಸ್ಸಿಗೆ ಇಳಿಯದ ಮಾತು ಒಮ್ಮೆ ನೋಡಿದರೆ ಮರೆಯದಂತೆ ಉಳಿಯುತ್ತದೆ.

ಉಳಿಯುತ್ತದೆಯೇ? ಈ ದೃಶ್ಯವನ್ನು ಎರಡು ಬಾರಿ ನೋಡಿದ್ದ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳನ್ನು ನಾವು ಕೇಳಿದೆವು: ‘ಮಹಡಿಯಿಂದ ಒಂದು ಇಟ್ಟಿಗೆಯನ್ನೂ ಒಂದು ಕಲ್ಲುಚೂರನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಬೀಳುತ್ತದಮ್ಮಾ?’ ಆಕೆ ಯೋಚಿಸದೆ ಹೇಳಿದಳು: ‘ಇಟ್ಟಿಗೆ.’ ವಿಡಿಯೋ ನೋಡಿದ್ದೆಯಲ್ಲ ಎಂದಾಗ ಬಂದ ಉತ್ತರ: ‘ಅದು ಚಂದ್ರನ ಮೇಲೆ ಅಲ್ವಾ ಸರ್? ಇಲ್ಲಿ ಇಟ್ಟಿಗೆನೇ ಮೊದಲು.’ ಆಕೆಯ ಅಣ್ಣ ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಮಹಡಿ ಹತ್ತಿ ಎರಡನ್ನೂ ಬಿಟ್ಟ. ಕೇಳಿದ್ದು ಒಂದೇ ಸದ್ದು. ಬಾಲಕಿ ನಂಬಲಿಲ್ಲ, ತಾನೇ ಮೇಲೆ ಹೋಗಿ ಮತ್ತೆ ಮತ್ತೆ ಬಿಟ್ಟು ನೋಡಿದಳು. ಆ ಸಂಜೆ ಆಕೆ ಕಲಿತದ್ದನ್ನು ಎರಡು ಬಾರಿ ನೋಡಿದ ವಿಡಿಯೋ ಕಲಿಸಿರಲಿಲ್ಲ. ಆದರೆ ವಿಡಿಯೋ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂಬುದೂ ಸತ್ಯ.

ಇದು ಒಬ್ಬ ಬಾಲಕಿಯ ಕಥೆ ಮಾತ್ರವಲ್ಲ. ಇಂದು ವಿಜ್ಞಾನದ ವಿಡಿಯೋಗಳಿಂದ ಲೋಕಪ್ರಸಿದ್ಧರಾಗಿರುವ ಡೆರೆಕ್ ಮುಲ್ಲರ್ ಅವರು 2008ರಲ್ಲಿ ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಸಂಶೋಧನಾ ಪ್ರಬಂಧದ ವಿಷಯವೇ ಇದು. ಭೌತವಿಜ್ಞಾನವನ್ನು ನೇರವಾಗಿ, ಸ್ಪಷ್ಟವಾಗಿ ವಿವರಿಸಿದ ವಿಡಿಯೋವನ್ನು ನೋಡಿದ ವಿದ್ಯಾರ್ಥಿಗಳು ‘ಸುಲಭವಾಗಿ ಅರ್ಥವಾಯಿತು’ ಎಂದರು. ಆದರೆ ಪರೀಕ್ಷೆ ನಡೆಸಿದಾಗ ಅವರ ತಿಳಿವಳಿಕೆ ಹೆಚ್ಚಾಗಿರಲಿಲ್ಲ. ಜನಸಾಮಾನ್ಯರ ತಪ್ಪು ಕಲ್ಪನೆಯನ್ನು ಮೊದಲು ಮುಂದಿಟ್ಟು, ಅದರೊಂದಿಗೆ ವಾದಿಸಿ, ಆಮೇಲೆ ಸರಿಯಾದುದನ್ನು ತೋರಿಸಿದ ವಿಡಿಯೋ ಅವರಿಗೆ ಗೊಂದಲವೆನಿಸಿತು; ಆದರೆ ಕಲಿಕೆ ಹೆಚ್ಚಾದದ್ದು ಅದರಿಂದಲೇ. ಸಲೀಸಾಗಿ ಒಳಗೆ ಇಳಿದದ್ದೆಲ್ಲ ಅರಿವಾಗುವುದಿಲ್ಲ. ಮನಸ್ಸಿನಲ್ಲಿ ಆಗಲೇ ಬೇರೂರಿರುವ ತಪ್ಪನ್ನು ಎದುರಿಸದ ಪಾಠ ಅದರ ಮೇಲೆಯೇ ಹರಿದುಹೋಗುತ್ತದೆ.

ಆದುದರಿಂದ ವಿಡಿಯೋವನ್ನು ತೋರಿಸುವ ಕ್ರಮವೇ ಮುಖ್ಯ. ತೋರಿಸುವ ಮುನ್ನ ಪ್ರಶ್ನೆ ಕೇಳಬೇಕು. ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ನೋಟ್‌ಪುಸ್ತಕದಲ್ಲಿ ಬರೆಯಬೇಕು. ಎರಡು ಮೂರು ನಿಮಿಷಗಳಷ್ಟು ಮಾತ್ರ ತೋರಿಸಿ ನಿಲ್ಲಿಸಬೇಕು. ನಿಲ್ಲಿಸಿದಲ್ಲಿ ಮಾತು ಆರಂಭವಾಗಬೇಕು. ಕೊನೆಗೆ ಕೈಯಿಂದ ಮಾಡುವ ಕೆಲಸವೊಂದು ಇರಲೇಬೇಕು. ಸುತ್ತಿಗೆ ಗರಿಗಳ ದೃಶ್ಯವನ್ನೇ ತೆಗೆದುಕೊಳ್ಳಿ. ಬೀಳುವ ಕಾಲವನ್ನು ಮೊಬೈಲಿನ ಗಡಿಯಾರದಿಂದ ಅಳೆದರೆ ಸುಮಾರು 1.4 ಸೆಕೆಂಡು ಸಿಗುತ್ತದೆ. ಎತ್ತರ ಸುಮಾರು 1.6 ಮೀಟರ್. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಬರುವುದು 1.6ರ ಆಸುಪಾಸು, ಭೂಮಿಯ ಮೇಲೆ ಅದೇ ಬೆಲೆ 9.8. ಚಂದ್ರನ ಸೆಳೆತ ನಮ್ಮದರ ಆರನೆಯ ಒಂದು ಭಾಗವೆಂದು ಪುಸ್ತಕ ಹೇಳುವುದನ್ನು ಮಗು ತನ್ನ ಲೆಕ್ಕದಿಂದ ಕಂಡುಕೊಳ್ಳುತ್ತದೆ. ಆಗ ವಿಡಿಯೋ ಮನರಂಜನೆಯಾಗಿ ಉಳಿಯದೆ ಪ್ರಯೋಗಶಾಲೆಯಾಗುತ್ತದೆ, ಸೂತ್ರವು ಶತ್ರುವಾಗಿ ಉಳಿಯುವುದಿಲ್ಲ.

ಕೈಯಿಂದ ಮಾಡಲು ಉಪಕರಣಗಳೆಲ್ಲಿ ಎಂದು ಕೇಳಬಹುದು. ನಮ್ಮ ನಾಲ್ಕು ಊರುಗಳೂ ದೇವರ ದಯೆಯಿಂದ ತಮ್ಮಷ್ಟಕ್ಕೆ ತಾವೇ ಪ್ರಯೋಗಶಾಲೆಗಳಾಗಿವೆ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿ ಲೇತಿನಲ್ಲಿ ತಿರುಗುವ ಆಲೆಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಚಲನೆಯ ಶಕ್ತಿ ಉಷ್ಣವಾಗುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿದೆ? ಅಲ್ಲಿಯೇ ತಯಾರಾದ ಬುಗುರಿ ತಿರುಗುವಾಗ ಬೀಳದೆ, ನಿಧಾನವಾದಾಗ ತಲೆ ತೂಗುತ್ತಾ ಸುತ್ತುತ್ತದೆ. ನಮ್ಮ ಭೂಮಿಯೂ ಹಾಗೆಯೇ ತಲೆ ತೂಗುತ್ತಾ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ರಾಮನಗರದ ಮಕ್ಕಳು ಮೈಸೂರು ರೈಲಿನ ಸದ್ದು ಕೇಳುತ್ತಲೇ ಬೆಳೆದವರು. ಬರುವಾಗ ಏರಿದ ಸ್ವರದಲ್ಲಿದ್ದ ಹಾರ್ನ್, ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. ಬೆಳಕಿನಲ್ಲಿಯೂ ಇದೇ ಬಗೆಯ ಬದಲಾವಣೆಯಾಗುತ್ತದೆ. ನಕ್ಷತ್ರಗಳು ನಮ್ಮತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದನ್ನು ವಿಜ್ಞಾನಿಗಳು ಅಳೆಯುವುದು ಅದರಿಂದಲೇ.

ಕನಕಪುರದ ದಕ್ಷಿಣಕ್ಕೆ, ಹಾರೋಬೆಲೆಯಿಂದಾಚೆಗೆ ಸಂಗಮದ ಕಡೆಗೆ ಸಾಗಿದಂತೆ ಬೆಂಗಳೂರಿನ ದೀಪಗಳ ಮಬ್ಬು ಕರಗಿ, ಅಮಾವಾಸ್ಯೆಯ ರಾತ್ರಿ ಆಕಾಶ ತುಂಬಿಕೊಳ್ಳುತ್ತದೆ. ಅಲ್ಲಿನ ಅಜ್ಜಿಯರಿಗೆ ಆರಿದ್ರಾ ಮಳೆ ಗೊತ್ತು. ಆರಿದ್ರಾ ಎಂಬುದು ಮಹಾವ್ಯಾಧನ ಹೆಗಲ ಮೇಲಿನ ಕೆಂಪು ನಕ್ಷತ್ರವೆಂದೂ, ಜೂನ್ ಕೊನೆಯ ವಾರಗಳಲ್ಲಿ ಸೂರ್ಯ ಆ ನಕ್ಷತ್ರದ ಸೀಮೆಯಲ್ಲಿರುವುದರಿಂದ ಮಳೆಗೆ ಆ ಹೆಸರು ಬಂದಿತೆಂದೂ ಮೊಮ್ಮಗನಿಗೆ ವಿಡಿಯೋ ತಿಳಿಸಬಹುದು. ಇಬ್ಬರೂ ಡಿಸೆಂಬರಿನ ರಾತ್ರಿ ಒಟ್ಟಿಗೆ ನಿಂತು ಅದನ್ನು ಗುರುತಿಸಿದರೆ ಒಬ್ಬರ ಅನುಭವವೂ ಇನ್ನೊಬ್ಬರ ಓದೂ ಕೈ ಹಿಡಿಯುತ್ತವೆ. ಮಾಗಡಿಯ ಸೀಮೆಗೆ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಬಟ್ಟಲಿನಾಕಾರದ ಆಂಟೆನಾ 2008ರಿಂದ ದೂರದ ವ್ಯೋಮನೌಕೆಗಳ ದನಿಗೆ ಕಿವಿಗೊಟ್ಟಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದುದನ್ನು ನೋಡಿ ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ನೌಕೆ ಇಳಿದ ಸುದ್ದಿ ನಮಗೆ ತಲಪಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದವರೆಷ್ಟು ಮಂದಿ? 3,84,000 ಕಿಲೋಮೀಟರನ್ನು ಬೆಳಕಿನ ವೇಗವಾದ ಸೆಕೆಂಡಿಗೆ 3,00,000 ಕಿಲೋಮೀಟರಿನಿಂದ ಭಾಗಿಸಿದರೆ ಉತ್ತರ ಸುಮಾರು 1.3 ಸೆಕೆಂಡು. ಎಂಟನೆಯ ತರಗತಿಯ ಮಗು ಮಾಡಬಹುದಾದ ಲೆಕ್ಕವಿದು.

ಇಷ್ಟೂ ಬೇಡವೆಂದರೆ ಒಂದು ಕೋಲು ಸಾಕು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನಮ್ಮ ಊರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲಿ ಅಡಗಿಹೋಗುತ್ತದೆ. ಆಗಸ್ಟಿನ ಆ ದಿನಗಳಲ್ಲಿ ಶಾಲೆ ನಡೆಯುತ್ತಿರುತ್ತದೆ. ಆ ಹತ್ತು ನಿಮಿಷಗಳನ್ನು ಮಕ್ಕಳಿಗೆ ಅಂಗಳದಲ್ಲಿ ಕೊಡಲಾಗದೇ?

ಭಾಷೆಯ ವಿಷಯವನ್ನೂ ಹೇಳಲೇಬೇಕು. ಮೊಬೈಲಿನಲ್ಲಿ ಮಕ್ಕಳಿಗೆ ಸಿಗುವ ವಿಡಿಯೋಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿವೆ. ಮಾತಿನ ವೇಗಕ್ಕೆ ಹಳ್ಳಿಯ ಮಗುವಿನ ಕಿವಿ ನಿಲುಕದು. ಕನ್ನಡದ ಪಠ್ಯಪುಸ್ತಕ ಜವ ಮತ್ತು ವೇಗ, ತೂಕ ಮತ್ತು ದ್ರವ್ಯರಾಶಿಗಳ ವ್ಯತ್ಯಾಸವನ್ನು ಅಚ್ಚುಕಟ್ಟಾಗಿ ಹೇಳುತ್ತದೆ. ಸಂತೆಯ ತಕ್ಕಡಿಗೆ ಎರಡೂ ಒಂದೇ. ಶಿಕ್ಷಕರು ಧ್ವನಿಯನ್ನು ನಿಲ್ಲಿಸಿ, ಚಿತ್ರವನ್ನು ಮಾತ್ರ ಓಡಿಸುತ್ತಾ, ತಮ್ಮದೇ ಕನ್ನಡದಲ್ಲಿ ವಿವರಿಸಿದರೆ ಪಾಠ ಮನೆಯ ಮಾತಾಗುತ್ತದೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ಪುಟ್ಟ ವಿಡಿಯೋಗಳಿಗೆ ಮಾತೇ ಹೆಚ್ಚು ಬೇಕಿಲ್ಲ. ಬೆಂಕಿಪೊಟ್ಟಣ, ಸೈಕಲ್ ಟ್ಯೂಬಿನ ಚೂರು, ಹಳೆಯ ಬಾಟಲಿಗಳಷ್ಟೇ ಅವುಗಳ ಬಂಡವಾಳ.

ಇನ್ನೊಂದು ಅಳುಕನ್ನು ಕೆಲವು ತಂದೆತಾಯಂದಿರು ನಮ್ಮಲ್ಲಿ ತೋಡಿಕೊಂಡದ್ದುಂಟು: ವಿಶ್ವದ ಹುಟ್ಟಿನ ವಿಡಿಯೋಗಳನ್ನು ನೋಡಿದ ಮಕ್ಕಳ ವಿಶ್ವಾಸ ಸಡಿಲವಾದೀತೇ? ಮಹಾಸ್ಫೋಟವೆಂದು ಇಂದು ಕರೆಯುವ ವಿಚಾರಕ್ಕೆ ಅಡಿಪಾಯ ಹಾಕಿದವರು ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲಮೆತ್ರ್ ಎಂಬುದನ್ನು ಅವರು ತಿಳಿಯಬೇಕು. ವಿಶ್ವ ಹಿಗ್ಗುತ್ತಿದೆಯೆಂದು ಅವರು 1927ರಲ್ಲಿ ಬರೆದರು. ತಮ್ಮ ಸಿದ್ಧಾಂತವನ್ನು ಧರ್ಮದ ಪುರಾವೆಯಾಗಿ ಬಳಸುವುದನ್ನೂ ಅವರು ಒಪ್ಪಲಿಲ್ಲ. ವಿಜ್ಞಾನಕ್ಕೆ ಅದರದೇ ದಾರಿ, ವಿಶ್ವಾಸಕ್ಕೆ ಅದರದೇ ದಾರಿ ಎಂದು ತಿಳಿದ ಅವರಿಗೆ ಎರಡರಲ್ಲಿಯೂ ನೆಮ್ಮದಿಯಿತ್ತು. ಬಾಗಿಲು ಮುಚ್ಚಿದ ತಪ್ಪು ನಮ್ಮ ಧರ್ಮಸಭೆಯಿಂದಲೂ ಆಗಿದೆ. 1633ರಲ್ಲಿ ಗೆಲಿಲಿಯೋಗೆ ವಿಧಿಸಿದ ಶಿಕ್ಷೆಯ ವಿಷಯದಲ್ಲಿ ತಪ್ಪು ನಡೆದುದನ್ನು 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬಹಿರಂಗವಾಗಿ ಒಪ್ಪಿಕೊಂಡರು. ಸತ್ಯಕ್ಕೆ ಹೆದರುವ ವಿಶ್ವಾಸ ಗಟ್ಟಿಯಾದುದಲ್ಲ. ಹೆದರಬೇಕಾದುದು ಸುಳ್ಳಿಗೆ: ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲವೆನ್ನುವ, ಗ್ರಹಣದ ಕಿರಣ ಅನ್ನವನ್ನು ವಿಷವಾಗಿಸುತ್ತದೆನ್ನುವ ವಿಡಿಯೋಗಳೂ ಅದೇ ಮೊಬೈಲಿನಲ್ಲಿ ಅಷ್ಟೇ ಚೆಂದವಾಗಿ ಬರುತ್ತವೆ. ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಲು ಕಲಿತ ಮಗುವಿಗೆ ಮಾತ್ರ ಅವುಗಳಿಂದ ರಕ್ಷಣೆ.

ಶಿಕ್ಷಕರ ಕಷ್ಟವನ್ನು ನಾವು ಬಲ್ಲೆವು. ಪಠ್ಯ ಮುಗಿಸಬೇಕು, ಫಲಿತಾಂಶ ತೋರಿಸಬೇಕು, ದಾಖಲೆ ಬರೆಯಬೇಕು. ಒಂದು ವಿಡಿಯೋವನ್ನು ಪ್ರಶ್ನೆಯೊಂದಿಗೆ, ಪ್ರಯೋಗದೊಂದಿಗೆ ನಡೆಸಿದರೆ ಒಂದು ಅವಧಿ ಪೂರ್ತಿ ಬೇಕು. ಸುಮ್ಮನೆ ತೋರಿಸಿಬಿಟ್ಟರೆ ಅದೇ ಅವಧಿಯಲ್ಲಿ ಐದು ಮುಗಿಯುತ್ತವೆ. ಆದರೂ ತಿಂಗಳಿಗೆ ಎರಡನ್ನಾದರೂ ಪೂರ್ತಿಯಾಗಿ ಮಾಡಿ ಎಂಬುದೇ ನಮ್ಮ ವಿನಂತಿ. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ನಡೆಸುವ ಶಾಲೆಗಳು ಇದರಲ್ಲಿ ಮುಂದಾಗಲಿ. ಪ್ರೊಜೆಕ್ಟರ್ ಇರುವ ಶಾಲೆ ಅದಿಲ್ಲದ ನೆರೆಯ ಸರ್ಕಾರಿ ಶಾಲೆಯ ಮಕ್ಕಳನ್ನೂ ಕರೆಯಲಿ. ಧರ್ಮಕೇಂದ್ರದ ಸಭಾಂಗಣ ವಾರದ ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತದೆ. ತಿಂಗಳಿಗೊಂದು ಸಂಜೆ ಯುವಜನ ಸಂಘದವರು ಜಾತಿಮತದ ಭೇದವಿಲ್ಲದೆ ಊರಿನ ಮಕ್ಕಳನ್ನೆಲ್ಲ ಸೇರಿಸಿ ಒಂದು ವಿಡಿಯೋ ತೋರಿಸಿ, ನಂತರ ದೇವಾಲಯದ ಅಂಗಳದ ದೀಪಗಳನ್ನು ಆರಿಸಿ ಆಕಾಶ ತೋರಿಸಲಿ. ತಂದೆತಾಯಂದಿರು ಭೌತವಿಜ್ಞಾನ ಓದಿರಬೇಕಾಗಿಲ್ಲ. ಮಗು ವಿಡಿಯೋ ನೋಡಿ ಮುಗಿಸಿದಾಗ ‘ಏನು ನೋಡಿದೆ, ನನಗೂ ಮಾಡಿ ತೋರಿಸು ಮಗಳೇ’ ಎಂದು ಕೇಳಿದರೆ ಅರ್ಧ ಪಾಠ ಅಲ್ಲಿಯೇ ಆಗುತ್ತದೆ.

2027ರ ಆಗಸ್ಟ್ 2ರ ಸಂಜೆ, ಸೋಮವಾರ, ನಮ್ಮ ನಾಡಿನಲ್ಲಿ ಮತ್ತೆ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ಬರಿಗಣ್ಣಿನಿಂದಾಗಲಿ ಹಳೆಯ ಎಕ್ಸ್-ರೇ ಹಾಳೆಯ ಮೂಲಕವಾಗಲಿ ಸೂರ್ಯನನ್ನು ನೋಡಬಾರದು. ಗ್ರಹಣಕ್ಕೆಂದೇ ಪ್ರಮಾಣೀಕರಿಸಿದ ಕನ್ನಡಕ ತರಿಸಬೇಕು. ಇಲ್ಲವೇ ರಟ್ಟಿನಲ್ಲಿ ಗುಂಡುಸೂಜಿಯ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಹಾಳೆಯ ಮೇಲೆ ಬಿಂಬವನ್ನು ಬೀಳಿಸಬೇಕು. ಇದನ್ನು ಹೇಗೆ ಮಾಡಬೇಕೆಂದು ಮೊದಲೇ ವಿಡಿಯೋದಲ್ಲಿ ನೋಡಿ ಕಲಿಯಬಹುದು. ವಿಡಿಯೋದ ನಿಜವಾದ ಉಪಯೋಗವೂ ಅದೇ. ಆ ಸಂಜೆ ಪರದೆಗಳನ್ನು ಆರಿಸೋಣ. ಬಾಗಿಲುಗಳನ್ನು ತೆರೆಯೋಣ. ಮಕ್ಕಳನ್ನು ಅಂಗಳಕ್ಕೆ ಕರೆತರೋಣ.